ಪಾತಣ್ಣನ ಗಾಡಿಯ ಹಿಂದಿನ ಎರಡು ಚಕ್ರ

ಫೆಬ್ರವರಿ 17, 2025

ಎಣ್ಣೆ ಗಿರಣಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇಷ್ಟು ದಿನ ಹೊಲಿಗೆ ಯಂತ್ರದ ಕೆಳಗೆ ಧೂಳು ತಿನ್ನುತ್ತಿತ್ತು. ಇವತ್ತು ತೆಗೆದೆ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲವೆಂದಲ್ಲ. ಅತ್ತೆ ಹಲೀಮಾ ಬೀ ಮಾತಾಡುತ್ತಾರೆ, ಕೇಳಿಸಿಕೊಳ್ಳುವುದಿಲ್ಲ. ಗಂಡ ತನ್ವೀರ್ ಕೇಳಿಸಿಕೊಳ್ಳುತ್ತಾರೆ, ಆದರೆ ಕೈ ಮುರಿದುಕೊಂಡ ದಿನದಿಂದ ಬಾಯಿ ಬಿಟ್ಟಿಲ್ಲ. ಮನೆಯಲ್ಲಿ ನಾವು ಆಡುವುದು ಉರ್ದು, ನನಗೆ ಬರೆಯಲು ಬರುವುದು ಕನ್ನಡ. ಆದ್ದರಿಂದ ಎಲ್ಲರೂ ಇಲ್ಲಿ ಕನ್ನಡದಲ್ಲೇ ಮಾತಾಡಲಿ.

ಚಳ್ಳಕೆರೆಯಲ್ಲಿ ಲಾರಿಗಳ ಕೆಳಗೆ ಮಲಗಿ ಮಲಗಿ ಅರ್ಧ ಆಯಸ್ಸು ಕಳೆದ ಮನುಷ್ಯ, ಒಂದು ಗೀರೂ ಆಗಿರಲಿಲ್ಲ. ಈಗ ನಿಂತ ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದಾರೆ. ಸ್ಟ್ಯಾಂಡ್ ಹಾಕಿದ್ದೇನೆ ಅಂದುಕೊಂಡಿದ್ದರಂತೆ. ನನಗೆ ನಗು ಬಂತು. ಅದೇ ತಪ್ಪಾಯಿತು.

ಪ್ಲಾಸ್ಟರ್ ತೆಗೆಯುವುದು ಉಗಾದಿ ಹೊತ್ತಿಗೆ. ಅಲ್ಲಿಯವರೆಗೆ ರಿಪೇರಿ ಅಂಗಡಿ ಮುಚ್ಚೋಣ ಎಂದು ಅತ್ತೆಯ ಹತ್ತಿರ ಹೇಳಿ ಕಳಿಸಿದರು, ಪಕ್ಕದ ಕೋಣೆಯಲ್ಲೇ ಇದ್ದ ನನಗೆ. ಬೇಡ ಎಂದು ಅತ್ತೆಯ ಹತ್ತಿರವೇ ಹೇಳಿ ಕಳಿಸಿದೆ. ಪಂಕ್ಚರ್, ಗಾಳಿ, ಚಕ್ರ ಬಿಚ್ಚಿ ಹಾಕುವುದು, ಇಷ್ಟು ನನ್ನಿಂದ ಆಗುತ್ತದೆ. ಹದಿನಾಲ್ಕು ವರ್ಷದಿಂದ ಊಟದ ಡಬ್ಬಿ ತಗೊಂಡು ಹೋಗಿ ನೋಡಿದ ಕೆಲಸವೇ. ದೊಡ್ಡ ರಿಪೇರಿ ಬಂದರೆ ಉಗಾದಿ ಆದ ಮೇಲೆ ಬನ್ನಿ ಎಂದು ಕಳಿಸಿದರಾಯಿತು. ಆಮೇಲೆ ಅವರ ಅಂಗಡಿ ಅವರಿಗೆ, ನನ್ನ ಬ್ಲೌಸ್ ಹೊಲಿಗೆ ನನಗೆ.

ಫೆಬ್ರವರಿ 20

ಬಂದವರೆಲ್ಲ ಕೇಳುವುದು ಒಂದೇ, "ಅಣ್ಣ ಇಲ್ವಾ?" ಇಲ್ಲ ಅಂದರೆ ನನ್ನ ಹಿಂದೆ ಬಗ್ಗಿ ನೋಡುತ್ತಾರೆ, ಅಣ್ಣನನ್ನು ಟೈರಿನೊಳಗೆ ಬಚ್ಚಿಟ್ಟಿದ್ದೇನೋ ಎಂಬಂತೆ. ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನ ಕಾರಿನವನೊಬ್ಬ ಮಾತ್ರ ಏನೂ ಕೇಳದೆ ಪಂಕ್ಚರ್ ಹಾಕಿಸಿಕೊಂಡು ಹೋದ. ಅವನಿಗೆ ಕನ್ನಡ ಬರುತ್ತಿರಲಿಲ್ಲ.

ಬಿಗಿ ನಟ್ಟಿಗೆ ನನ್ನ ತೋಳಿನ ಬಲ ಸಾಲದು. ಸ್ಪ್ಯಾನರ್ ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತರೆ ಬಿಡುತ್ತದೆ. ಮದುವೆಯಾದಾಗಿನಿಂದ ದಪ್ಪಗಾಗಿದ್ದೇನೆಂದು ಅತ್ತೆ ಹೇಳುತ್ತಿದ್ದದ್ದು ಇವತ್ತು ಉಪಯೋಗಕ್ಕೆ ಬಂತು.

ಸಂಜೆ ಬಾಗಿಲು ಹಾಕುವಾಗ ನೋಡಿದೆ, ನಮ್ಮ ಪಿಕಪ್ ಯಾಕೋ ಹಿಂಭಾಗ ಎತ್ತಿಕೊಂಡು ನಿಂತಂತೆ ಕಾಣುತ್ತದೆ. ಖಾಲಿ ಇರುವುದಕ್ಕೇ ಇರಬೇಕು.

ಫೆಬ್ರವರಿ 26

ಪಾತಣ್ಣ ಬಂದಿದ್ದ. ಮೊಳಕಾಲ್ಮೂರಿನ ಕಡೆಯ ಗುಡ್ಡದ ಮೇಲೆ ಅವನ ಹಟ್ಟಿಯವರ ದೇವರೆತ್ತುಗಳ ರೊಪ್ಪವಿದೆ, ಮುಳ್ಳುಬೇಲಿಯ ದೊಡ್ಡಿ. ಆ ದನಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ. ಅವು ದೇವರವು, ಸಾಯುವವರೆಗೂ ಮೇಯುವುದೇ ಅವುಗಳ ಕೆಲಸ. ಅವನ್ನು ಕಾಯುವುದು ಪಾತಣ್ಣ. ಬೇಸಿಗೆಯಲ್ಲಿ ಗುಡ್ಡದ ಹುಲ್ಲು ಮುಗಿದರೆ ಭಕ್ತರು ಕೊಟ್ಟ ಮೇವನ್ನು ಮೇಲಕ್ಕೆ ಸಾಗಿಸಬೇಕು. ಕಲ್ಲು ಹಾಸಿದ ಏರು, ನಮ್ಮಂಥ ಪಿಕಪ್ ಅರ್ಧಕ್ಕೇ ನಿಲ್ಲುತ್ತದೆ. ನಮ್ಮದರಲ್ಲಿ ಹಿಂದಿನ ಎರಡು ಚಕ್ರ ಮಾತ್ರ ತಳ್ಳುತ್ತವೆ. ಹಟ್ಟಿಯವರೆಲ್ಲ ಸೇರಿ ಕೊಂಡ ಹಳೇ ಪಿಕಪ್ಪಿನಲ್ಲಿ ಇನ್ನೊಂದು ಸಣ್ಣ ಗೇರ್ ಕಡ್ಡಿ ಇದೆ. ಅದನ್ನು ಎಳೆದರೆ ನಾಲ್ಕೂ ಚಕ್ರ ದುಡಿಯುತ್ತವೆ. ಆ ಗಾಡಿಯನ್ನು ಹುಡುಕಿ ತಂದವರು ಮಾವ, ತನ್ವೀರ್ ಅವರ ಅಪ್ಪ. ಅವರು ತೀರಿಕೊಂಡ ಮೇಲೆ ನೋಡಿಕೊಳ್ಳುತ್ತಿರುವವರು ತನ್ವೀರ್. ಅದರ ಮೇಲೆ ಅವರಿಗಿರುವ ಮುದ್ದು ನನ್ನ ಮೇಲಿದ್ದಿದ್ದರೆ ನಾನು ಈ ಡೈರಿ ಬರೆಯುತ್ತಿರಲಿಲ್ಲ.

"ತಾಯಿ, ಗಾಡಿ ಮುನಿಸ್ಕೊಂಡೈತೆ," ಅಂದ ಪಾತಣ್ಣ. "ರೋಡ್ನಾಗೆ ಸುಮ್ಕೆ ಬರ್ತೈತೆ. ಗುಡ್ಡದ ಬುಡಕ್ಕೋಗಿ ಆ ಸಣ್ಣ ಕಡ್ಡಿ ಎಳೆದ್ರೆ ಮೈಯೆಲ್ಲ ಬಿಗಿ ಮಾಡ್ಕಂತೈತೆ. ಕಟಕ್ ಕಟಕ್ ಅಂತೈತೆ, ತಿರುಗಾಕೆ ಒಲ್ಲೆ ಅಂತೈತೆ."

ಹಟ್ಟಿಯ ಹಿರಿಯರು ಬಳ್ಳಾರಿಗೆ ಒಯ್ಯಿರಿ, ಅಲ್ಲಿ ದೊಡ್ಡ ಗ್ಯಾರೇಜಿದೆ ಅನ್ನುತ್ತಿದ್ದಾರಂತೆ. ಉಗಾದಿಯೊಳಗೆ ಸರಿಯಾಗದಿದ್ದರೆ ಒಯ್ಯಲೇಬೇಕು. ಈಗ ಜುಂಜಮ್ಮ, ಅವನ ಹೆಂಡತಿ, ತಲೆಯ ಮೇಲೆ ಮೇವು ಹೊತ್ತು ಹತ್ತುತ್ತಿದ್ದಾಳೆ. ಮಾವನ ಕಾಲದ ಗಾಡಿ ಬಳ್ಳಾರಿಗೆ ಹೋದರೆ ನಮ್ಮ ಮನೆಯ ಈ ಮನುಷ್ಯ ಪ್ಲಾಸ್ಟರ್ ತೆಗೆದ ಮೇಲೂ ಗೋಡೆ ನೋಡಿಕೊಂಡೇ ಮಲಗುತ್ತಾರೆ. ಅದು ನನಗೆ ಗೊತ್ತು. ನೋಡುತ್ತೇನೆ, ಸ್ವಲ್ಪ ದಿನ ತಡೆ ಎಂದು ಪಾತಣ್ಣನಿಗೆ ಹೇಳಿದೆ. ಏನು ನೋಡುತ್ತೇನೋ ಅಲ್ಲಾಹನಿಗೇ ಗೊತ್ತು.

ಫೆಬ್ರವರಿ 27

ಊಟಕ್ಕೆ ಕೂತಾಗ ಅವರಿಗೆ ಹೇಳಿದೆ. ಬಿಗಿಯುವುದು, ಕಟಕ್ ಅನ್ನುವುದು, ಎಲ್ಲ. ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಆಮೇಲೆ, "ಎಣ್ಣೆ ಕಡಿಮೆ ಇರಬಹುದು," ಎಂದು ತಟ್ಟೆ ಸರಿಸಿ ಎದ್ದುಹೋದರು. ಎಡಗೈಯಲ್ಲಿ ಊಟ ಮಾಡುವುದೇ ಕಷ್ಟ, ಅದರ ಮೇಲೆ ಈ ಸುದ್ದಿ. ಹೇಳಬಾರದಿತ್ತು.

ಮಾರ್ಚ್ 3

ಎರಡನೇ ರೋಜಾ. ಬಿಸಿಲು ಈಗಲೇ ತಲೆ ಸುಡುತ್ತಿದೆ. ಮಾತ್ರೆ ನುಂಗಬೇಕಾದ್ದರಿಂದ ಅವರಿಗೆ ಉಪವಾಸವಿಲ್ಲ. ಅದಕ್ಕೂ ಒಂದು ಸಿಡುಕು.

ಪಾತಣ್ಣನ ಗಾಡಿಯ ಎಣ್ಣೆ ನೋಡಿದೆ. ಸರಿಯಾಗಿದೆ.

ಮನೆಗೆ ಬಂದಾಗ ಅವರು ಹಿತ್ತಲಲ್ಲಿ ಫೋನಿನಲ್ಲಿ ಯಾರಿಗೋ ಏನೋ ಹೇಳಿಕೊಡುತ್ತಿದ್ದರು, ಒಂದೊಂದೇ ಮಾತು ಬಿಡಿಸಿ. ನನ್ನನ್ನು ಕಂಡು ಇಟ್ಟುಬಿಟ್ಟರು. ತುಮಕೂರಿನ ತಂಗಿ ಇರಬೇಕು. ಅಣ್ಣ ತಂಗಿ ಸೇರಿದರೆ ನನ್ನ ಮೇಲೆ ದೂರು ಇದ್ದದ್ದೇ.

ಮಾರ್ಚ್ 6

ಇವತ್ತು ಉದ್ದ ಬರೆಯುತ್ತೇನೆ.

ಪಾತಣ್ಣ ಮತ್ತೆ ಗಾಡಿ ತಂದ. ಸುಮ್ಮನೆ ಕೂತಿದ್ದವನು ಇದ್ದಕ್ಕಿದ್ದಂತೆ ಎದ್ದು ನಿಂತು, ಬೇವಿನ ಮರದ ತುದಿ ನೋಡುತ್ತ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವವರ ಹಾಗೆ ಒಂದೇ ಉಸಿರಿಗೆ ಹೇಳಿದ:

"ಎತ್ತರದ ಎತ್ತು ಒಂದ್ಕಡೆ, ಗಿಡ್ಡ ಎತ್ತು ಒಂದ್ಕಡೆ ಕಟ್ಟಿದ್ರೆ ನೊಗ ಎಳೆಯಾಕಾಗಲ್ಲ ತಾಯಿ. ಗಾಡಿದು ಮುಂದ್ಲ ಕಾಲು ಹಿಂದ್ಲ ಕಾಲು ಒಂದೇ ಎತ್ತರ ಅದಾವೋ ಇಲ್ವೋ ನೋಡ್ಬೇಕು."

ಹೇಳಿ ಮುಗಿಸಿ ಬೆವರು ಒರೆಸಿಕೊಂಡ. ದನ ಕಾಯುವವನಿಗೆ ದನದ್ದೇ ಲೆಕ್ಕ ಎಂದು ಮೊದಲು ನಗು ಬಂತು. ಆಮೇಲೆ ನೋಡುವುದಕ್ಕೇನು ಎಂದು ಕೊರಳಲ್ಲಿದ್ದ ಟೇಪನ್ನೇ ತೆಗೆದೆ. ಬ್ಲೌಸ್ ಅಳತೆಯ ಟೇಪು, ಅಂಗಡಿಗೆ ಬಂದರೂ ಅದು ನನ್ನ ಕೊರಳು ಬಿಡುವುದಿಲ್ಲ. ಮುಂದಿನ ಟೈರಿಗೆ ಸುತ್ತಿ, ಟೇಪು ಮುಗಿದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿಂದ ಮತ್ತೆ ಸುತ್ತಿ ಅಳೆದೆ. ಹಿಂದಿನದನ್ನೂ ಅಳೆದೆ. ಹಿಂದಿನದು ನಾಲ್ಕು ಬೆರಳಿನಷ್ಟು ಕಡಿಮೆ. ಇನ್ನೊಂದು ಪಕ್ಕದಲ್ಲೂ ಅಷ್ಟೇ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ರಸ್ತೆಯಲ್ಲಿ ಹೋಗುವಾಗ ಹಿಂದಿನ ಚಕ್ರಗಳಷ್ಟೇ ದುಡಿಯುತ್ತವೆ, ಗಿಡ್ಡವಾದರೂ ನಡೆಯುತ್ತದೆ. ಸಣ್ಣ ಕಡ್ಡಿ ಎಳೆದ ಕೂಡಲೇ ಮುಂದಿನವು ಹಿಂದಿನವು ಒಂದಕ್ಕೊಂದು ಕಟ್ಟುಬೀಳುತ್ತವೆ. ಒಂದು ಉದ್ದ ಹೆಜ್ಜೆ, ಒಂದು ಗಿಡ್ಡ ಹೆಜ್ಜೆ. ನಡುವಿನ ಗೇರು ಜಗ್ಗಾಟದಲ್ಲಿ ಸಾಯುತ್ತದೆ. ಹೀಗೇ ಗುಡ್ಡ ಹತ್ತಿಸಿದರೆ ಒಂದು ದಿನ ಒಡೆದೇ ಹೋಗುತ್ತದೆ.

ಆ ಗಿಡ್ಡ ಚಕ್ರಗಳು ಯಾರವು ಎಂಬುದು ಆಗ ನೆನಪಾಯಿತು. ನಮ್ಮವೇ. ಜನವರಿಯಲ್ಲಿ ಪಾತಣ್ಣನ ಹಿಂದಿನ ಎರಡು ಟೈರುಗಳನ್ನು ಗುಡ್ಡದ ಕಲ್ಲು ಸೀಳಿತ್ತು. ಅವನ್ನು ಬಿಸಿ ಪ್ಯಾಚಿಗೆ ದಾವಣಗೆರೆಗೆ ಕಳಿಸಿ, ಅಲ್ಲಿಯವರೆಗೆ ಓಡಲಿ ಎಂದು ತನ್ವೀರ್ ನಮ್ಮ ಪಿಕಪ್ಪಿನ ಹಿಂದಿನ ಎರಡು ಬಿಚ್ಚಿ ಕೊಟ್ಟಿದ್ದರು. ನಟ್ಟಿನ ತೂತು ಎರಡಕ್ಕೂ ಒಂದೇ, ಸಲೀಸಾಗಿ ಕೂತಿತ್ತು. ಪ್ಯಾಚಿನವು ವಾಪಸ್ ಬಂದಾಗ ನಮ್ಮದಕ್ಕೆ ಹಾಕಿಕೊಂಡರು, ಪಾತಣ್ಣ ಬಂದಾಗ ಬದಲಾಯಿಸಿದರಾಯಿತೆಂದು. ಅಷ್ಟರಲ್ಲಿ ಸ್ಕೂಟರಿನಿಂದ ಬಿದ್ದರು, ಚಕ್ರದ ನೆನಪೂ ಅದರ ಜೊತೆಗೇ ಬಿತ್ತು. ನಮ್ಮ ಪಿಕಪ್ ಹಿಂಭಾಗ ಎತ್ತಿಕೊಂಡು ನಿಂತದ್ದು ಸುಮ್ಮನಲ್ಲ, ಎತ್ತರದ ಚಪ್ಪಲಿ ಹಾಕಿಕೊಂಡಿತ್ತು.

ಮನೆಗೆ ಬರುವ ದಾರಿಯುದ್ದಕ್ಕೂ ಹೇಳುವುದೋ ಬೇಡವೋ ಎಂಬ ಯೋಚನೆ. ಹೋದ ವಾರ ಅವರು ಅತ್ತೆಯ ಹತ್ತಿರ, ಕೈ ಹೋದರೂ ಅಪ್ಪನ ಹೆಸರೊಂದು ಉಳಿದಿದೆ ಅಂದದ್ದನ್ನು ಕೇಳಿಸಿಕೊಂಡಿದ್ದೇನೆ. ಅಪ್ಪನ ಗಾಡಿಯನ್ನು ನೀವೇ ಕೆಡಿಸಿದಿರಿ ಎಂದು ಯಾವ ಬಾಯಿಂದ ಹೇಳಲಿ. ನನ್ನಿಂದಾಗುವುದಿಲ್ಲ. ಗೊತ್ತಾಗದ ಹಾಗೆ ಬದಲಾಯಿಸಿಬಿಡುತ್ತೇನೆ. ಅಂಗಡಿಯಲ್ಲಿ ಬೇಡ, ಮಧ್ಯಾಹ್ನದ ಮೇಲೆ ಅವರು ಬಂದು ಕೂರುತ್ತಾರೆ. ಗುಡ್ಡದ ಬುಡದಲ್ಲಿ.

ಪಾತಣ್ಣನಿಂದ ಮಾತು ತಗೊಂಡಿದ್ದೇನೆ, ಇದು ನಮ್ಮೆಜಮಾನರ ಕಿವಿಗೆ ಬೀಳಬಾರದೆಂದು. ಅವನು ತಲೆ ಕೆರೆದುಕೊಂಡು, "ಆಗ್ಲಿ ತಾಯಿ, ಇದನ್ನೂ ಇಟ್ಕಂತೀನಿ," ಅಂದ.

ಮಾರ್ಚ್ 8

ಇಫ್ತಾರ್ ಆದ ಮೇಲೆ ಸುಮ್ಮನೆ ಕೇಳಿದವಳಂತೆ ಕೇಳಿದೆ: ನಮ್ಮ ಚಕ್ರ ನಾಲ್ಕು ಚಕ್ರ ದುಡಿಯುವ ಗಾಡಿಗೆ ಆಗುತ್ತದೆಯೇ? ಬೈಯುತ್ತಾರೆ ಅಂದುಕೊಂಡಿದ್ದೆ. ಎದ್ದು ಕೂತರು. ಅತ್ತೆಯ ಮುಂದಿದ್ದ ಲೋಟ, ನನ್ನ ಮುಂದಿದ್ದ ತಟ್ಟೆ ಎಲ್ಲ ಎಳೆದುಕೊಂಡು ಪಾಠ ಶುರುಮಾಡಿದರು. ಅಂಥ ಗಾಡಿಯ ಮುಂದಿನ ಚಕ್ರದ ನಡುವೆ ಲೋಟದಷ್ಟು ದಪ್ಪದ ಗುಬುಟು ಹೊರಗೆ ಚಾಚಿಕೊಂಡಿರುತ್ತದೆ. ನಮ್ಮ ಚಕ್ರದ ನಡುತೂತು ಸಣ್ಣದು, ಅದರೊಳಗೆ ಹೋಗುವುದೇ ಇಲ್ಲ. ಅವರ ಚಕ್ರ ನಮಗೆ ಹಾಕಬಹುದು, ನಮ್ಮ ಚಕ್ರ ಅವರ ಮುಂದಕ್ಕೆ ಹಾಕಲಾಗದು. ಹಿಂದೆ ಹಾಕಬಹುದು, ಆದರೆ ಹಾಕಬಾರದು.

ಹಾಕಬಾರದು ಎಂದಾಗ ಧ್ವನಿ ಸಣ್ಣದಾಯಿತು. ನಾನು ಲೋಟ ತೊಳೆಯಲು ಎದ್ದೆ.

ಬೆನ್ನ ಹಿಂದೆ ಇನ್ನೂ ಹೇಳುತ್ತಲೇ ಇದ್ದರು, ಯಾವ ಚಕ್ರ ಹಾಕಿದರೂ ನಟ್ಟನ್ನು ಎದುರುಬದುರು ಬಿಗಿಯಬೇಕು, ಸ್ವಲ್ಪ ದೂರ ಓಡಿಸಿ ಮತ್ತೆ ಬಿಗಿಯಬೇಕು ಎಂದು. ಅದನ್ನೆಲ್ಲ ಹೇಳಿ ಎಂದು ನಾನು ಕೇಳಿರಲೇ ಇಲ್ಲ. ಪಾಠ ಹೇಳುವ ಖುಷಿಗೆ ಹೇಳುತ್ತಿದ್ದರು, ಪಾಪ. ಇಷ್ಟು ಮಾತಾಡಿ ಎಷ್ಟು ದಿನವಾಗಿತ್ತೋ. ನನಗೂ ಹಿತವಾಗಿತ್ತು.

ಮಾರ್ಚ್ 11

ನಾಳೆ ದೇವರೆತ್ತಿಗೆ ಶೇಂಗಾ ಹೊಟ್ಟು ತಗೊಂಡು ಹೋಗುತ್ತೇನೆ ಅಂದೆ. ಸುಳ್ಳಲ್ಲ, ಹೊಟ್ಟನ್ನೂ ತಗೊಂಡು ಹೋಗುತ್ತಿದ್ದೇನೆ. ಅವರು ಯಾಕೆ ಏನು ಎಂದು ಕೇಳಲಿಲ್ಲ. ಅಂಗಡಿಯ ದೊಡ್ಡ ಜಾಕ್ ಇರಲಿ, ದಾರಿ ಸರಿಯಿಲ್ಲ ಅಂದರು. ಎರಡು ಹಲಗೆ ತುಂಡನ್ನೂ ಎಡಗೈಯಲ್ಲೇ ಎತ್ತಿ ಹಾಕಿದರು, ಮಣ್ಣು ಮೆದುವಿದ್ದರೆ ಜಾಕ್ ಹೂತುಹೋಗುತ್ತದಂತೆ. ಉದ್ದ ಸ್ಪ್ಯಾನರನ್ನು ನಾನು ಮರೆತಿದ್ದೆ, ಅದೂ ಸೀಟಿನ ಕೆಳಗೆ ಇತ್ತು. ನಾನೇ ಇಟ್ಟಿರಬೇಕು.

ಮಾರ್ಚ್ 12

ಆಯಿತು. ಅಲ್ಹಮ್ದುಲಿಲ್ಲಾಹ್. ತೋಳು ಎತ್ತಲಾಗುತ್ತಿಲ್ಲ, ಅಕ್ಷರ ಸೊಟ್ಟಗಾದರೆ ಆಗಲಿ.

ನಮ್ಮ ಪಿಕಪ್ಪನ್ನು ನಾನೇ ಓಡಿಸಿಕೊಂಡು, ಬೆಳಿಗ್ಗೆ ತಂಪಿರುವಾಗಲೇ ತಲುಪಿದೆ. ಗುಡ್ಡದ ಬುಡದ ಜಾಲಿ ನೆರಳಲ್ಲಿ ಎರಡು ಗಾಡಿಗಳನ್ನೂ ಅಕ್ಕಪಕ್ಕ ನಿಲ್ಲಿಸಿದೆವು. ಜುಂಜಮ್ಮ ಬಂದಳು. ಆಳು ನನಗಿಂತ ಗಟ್ಟಿ. ನಾನು ಸ್ಪ್ಯಾನರ್ ಸಿಕ್ಕಿಸುವುದು, ಅವಳು ಅದರ ಮೇಲೆ ಕಾಲಿಟ್ಟು ನಿಲ್ಲುವುದು. ಒಂದೊಂದು ನಟ್ಟು ಕಿರ್ರೆಂದು ಬಿಟ್ಟಾಗಲೂ, "ಬಿಡ್ತು ನೋಡು ಇದ್ರ ಸೊಕ್ಕು," ಅನ್ನುವಳು. ಮೇವು ಹೊತ್ತು ಹೊತ್ತು ಅವಳ ನೆತ್ತಿಯ ಕೂದಲು ಸವೆದಿತ್ತು. ತಲೆಯ ಮೇಲಿನ ಬಟ್ಟೆಯ ಸಿಂಬೆ ತೆಗೆದು ಪಕ್ಕಕ್ಕಿಟ್ಟು, ನಾಳೆಯಿಂದ ಇದು ಬೇಡ ತಾನೇ ಎಂದು ಕೇಳಿದಳು. ಬೇಡ ಎಂದೆ. ನನ್ನ ಲೆಕ್ಕ ತಪ್ಪಿದ್ದರೆ?

ಎರಡೂ ಗಾಡಿಯ ಎಡಗಡೆಗೆ ಜಾಕ್ ಕೊಟ್ಟು, ಅವರ ಹಿಂದಿನ ಚಕ್ರ ಅವರ ಗಾಡಿಗೆ, ನಮ್ಮದು ನಮ್ಮ ಗಾಡಿಗೆ ಉರುಳಿಸಿದೆವು. ಅದಾದ ಮೇಲೆ ಬಲಗಡೆ. ಮಣ್ಣು ನಿಜಕ್ಕೂ ಮೆದುವಿತ್ತು, ಹಲಗೆ ಇಲ್ಲದಿದ್ದರೆ ಕಷ್ಟವಿತ್ತು. ನಟ್ಟನ್ನು ಮೊದಲು ಕೈಯಲ್ಲಿ ಸಡಿಲ ತಿರುಗಿಸಿ, ಆಮೇಲೆ ಎದುರುಬದುರು ಬಿಗಿದೆ. ಬ್ಲೌಸಿಗೂ ಹೀಗೇ, ಮೊದಲು ಸಡಿಲ ಟಾಕಿ, ಆಮೇಲೆ ಬಿಗಿ ಹೊಲಿಗೆ. ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ಸೊಟ್ಟಗಾಗುತ್ತದೆ. ಇಷ್ಟು ವರ್ಷ ಇದನ್ನು ಗಂಡಸರ ಕೆಲಸ ಅಂದುಕೊಂಡಿದ್ದೆನಲ್ಲ.

ಹೊಟ್ಟನ್ನೆಲ್ಲ ಅವನ ಗಾಡಿಗೆ ತುಂಬಿ ಹತ್ತಿ ಕೂತೆವು. ಏರಿನ ಬುಡದಲ್ಲಿ ಪಾತಣ್ಣ ಸಣ್ಣ ಕಡ್ಡಿ ಎಳೆದ. ಕಟಕ್ ಇಲ್ಲ. ಬಿಗಿತವಿಲ್ಲ. ಗಾಡಿ ಮೆಲ್ಲಗೆ, ಒಂದೇ ಸಮ, ಕಲ್ಲಿನ ಮೇಲೆ ಹತ್ತುತ್ತ ಹೋಯಿತು. ಜುಂಜಮ್ಮ ಸಿಂಬೆಯನ್ನು ಕಿಟಕಿಯಿಂದ ಎಸೆದಳು. ಸ್ವಲ್ಪ ದೂರ ಹೋದ ಮೇಲೆ ಗಾಡಿ ನಿಲ್ಲಿಸಲು ಹೇಳಿ, ಇಳಿದು ಹೋಗಿ ಎತ್ತಿಕೊಂಡು ಬಂದಳು, ಬಿಂದಿಗೆಗೆ ಬೇಕಂತೆ.

ರೊಪ್ಪದ ಮುಳ್ಳುಬೇಲಿಯ ಹೊರಗೇ ಗಾಡಿ ನಿಂತಿತು, ನನ್ನ ಚಪ್ಪಲಿಯೂ ಅಲ್ಲೇ ಉಳಿಯಿತು. ಬಿಳಿ ಎತ್ತುಗಳು ತಲೆಯೆತ್ತಿ ನೋಡಿ, ಹೊಟ್ಟಿನ ವಾಸನೆಗೆ ಒಂದರ ಹಿಂದೆ ಒಂದು ಬಂದವು. ರೋಜಾದ ಹಸಿವು, ಬಾಯಾರಿಕೆ, ಯಾವುದೂ ನೆನಪಿರಲಿಲ್ಲ. ಅವು ತಿನ್ನುವ ಸದ್ದು ಕೇಳುತ್ತ ನಿಂತಿದ್ದೆ. ಇಷ್ಟು ಸಂತೋಷ ನನಗೆ ಯಾವತ್ತು ಆಗಿತ್ತೋ ತಿಳಿಯದು.

ಅವರಿಗೆ ಹೇಳಲಾಗದು ಎಂಬುದೊಂದೇ ಬೇಜಾರು. ಇಂಥದ್ದನ್ನು ಹೇಳಿಕೊಳ್ಳಲು ಅವರೇ ಬೇಕಿತ್ತು.

ಮಾರ್ಚ್ 13

ಹೊಟ್ಟು ಮುಟ್ಟಿತೇ ಎಂದು ಕೇಳಿದರು. ಮುಟ್ಟಿತು ಅಂದೆ. ಎರಡು ಸಲ ಅನ್ನ ಹಾಕಿಸಿಕೊಂಡರು.

ಮಾರ್ಚ್ 22

ಈಗ ಬೆಳಗಿನಿಂದಲೇ ಅಂಗಡಿಗೆ ಬರುತ್ತಾರೆ. ಸ್ಟೂಲ್ ಮೇಲೆ ಕೂತು ನನ್ನ ಕೆಲಸದಲ್ಲಿ ತಪ್ಪು ಹುಡುಕುತ್ತಾರೆ. ಇವತ್ತು ಒಂದೂ ಸಿಗಲಿಲ್ಲವೆಂದು ಪೊರಕೆ ಹಿಡಿದ ರೀತಿ ಸರಿಯಿಲ್ಲ ಅಂದರು. ಪೊರಕೆ ಅವರ ಎಡಗೈಗೆ ಕೊಟ್ಟೆ, ಗುಡಿಸಿದರು.

ಬಂದವರು ಅಣ್ಣ ಇಲ್ವಾ ಎಂದು ಕೇಳುವುದು ನಿಂತಿದೆ. ಅಣ್ಣ ಎದುರಿಗೇ ಇದ್ದರೂ ನನ್ನ ಹತ್ತಿರ ಬರುತ್ತಾರೆ. ಹಬ್ಬದ ಬ್ಲೌಸ್ ಕೇಳಲು ಬಂದ ಹುಚ್ಚಕ್ಕನಿಗೆ ನಮ್ಮ ಅಂಗಡಿಯಲ್ಲಿ ಈಗ ಕೆಲಸ ಜಾಸ್ತಿ, ಮುಂದಿನ ತಿಂಗಳು ನೋಡೋಣ ಅಂದೆ. ಹೊಲಿಗೆ ಯಂತ್ರದ ಸೂಜಿ ಎಲ್ಲಿಟ್ಟೆನೋ.

ಮಾರ್ಚ್ 29

ಪ್ಲಾಸ್ಟರ್ ತೆಗೆದರು. ಕೈ ಬೆಳ್ಳಗೆ, ಸಣ್ಣಗೆ, ಬೇರೆಯವರ ಕೈಯಂತೆ ಕಾಣುತ್ತಿತ್ತು. ಆಸ್ಪತ್ರೆಯಿಂದ ಬರುವಾಗ ಅದನ್ನು ಹಿಡಿದುಕೊಂಡೇ ಬಂದೆ. ರಸ್ತೆಯಲ್ಲಿ ಜನ ನೋಡುತ್ತಾರೆಂದು ಅತ್ತೆ ಅಂದರು. ನೋಡಲಿ ಅಂದೆ.

ಅಂಗಡಿಗೆ ಬಂದು ಅವರು ಮೊದಲು ಹೋದದ್ದು ನಮ್ಮ ಪಿಕಪ್ಪಿನ ಹತ್ತಿರ. ಸುತ್ತ ಒಂದು ಸಲ ನಡೆದರು. ಹಿಂದಿನ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ನಟ್ಟುಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿ ನೋಡಿದರು. ನಾನು ಪೊರಕೆ ಹಿಡಿದು, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದೆ. ಎದ್ದು ಕೈ ಒರೆಸಿಕೊಂಡು, ಚಹಾ ಕುಡಿಯಲಿಕ್ಕೆ ಹೋದರು. ಗುರುತು ಹತ್ತಲಿಲ್ಲ. ಬದುಕಿದೆ.

ಮಾರ್ಚ್ 31

ನಿನ್ನೆ ಉಗಾದಿ, ಇವತ್ತು ಈದ್. ಪೇಟೆಯ ಅರ್ಧ ಬಾಗಿಲಿಗೆ ನಿನ್ನೆಯ ಮಾವಿನ ತೋರಣ, ಇನ್ನರ್ಧದಲ್ಲಿ ಇವತ್ತಿನ ಅತ್ತರು.

ಗಂಡಸರೆಲ್ಲ ಈದ್ಗಾಗೆ ಹೋಗಿದ್ದ ಹೊತ್ತಿಗೆ ಪಾತಣ್ಣ, ಜುಂಜಮ್ಮ ಬಂದರು. ಒಂದು ಸಣ್ಣ ಗಡಿಗೆ ತುಪ್ಪ ತಂದಿದ್ದರು. ಮನೆಯ ಎಮ್ಮೆಯದು, ದೇವರ ದನದ್ದಲ್ಲ ಎಂದು ಪಾತಣ್ಣ ಮೊದಲೇ ಹೇಳಿದ. ಗಾಡಿ ದಿನಕ್ಕೆರಡು ಸಲ ಗುಡ್ಡ ಹತ್ತುತ್ತಿದೆಯಂತೆ. ಬಳ್ಳಾರಿಯ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ನಾನು ಕುರ್ಚಿ ಹಾಕಿ, ನಿನ್ನಿಂದಲೇ ಉಳಿಯಿತು ಪಾತಣ್ಣ, ಆ ಎತ್ತಿನ ಮಾತು ನೀನು ಹೇಳದಿದ್ದರೆ ನನಗೆಲ್ಲಿ ಹೊಳೆಯುತ್ತಿತ್ತು ಅಂದೆ.

ಅವನು ಹೆಂಡತಿಯ ಮುಖ ನೋಡಿದ. ಜುಂಜಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

"ಹೇಳ್ಬಿಡು," ಅಂದಳು. "ಎಷ್ಟ್ ದಿನ ಹೊತ್ಕಂಡಿರ್ತೀಯಾ."

"ಆ ಮಾತು ನಂದಲ್ಲ ತಾಯಿ," ಅಂದ ಪಾತಣ್ಣ. "ನಿಮ್ಮೆಜಮಾನ್ರು ಫೋನ್ನಾಗೆ ಹೇಳಿಕೊಟ್ಟಿದ್ದು. ನಾನೇ ಹಾಕಿದ ತಪ್ಪು ಚಕ್ರ ಅದು, ಅವಳಿಗೆ ಹೇಳಾಕೆ ನನಗೆ ಮುಖ ಇಲ್ಲ, ನೀನೇ ಹಿಂಗಿಂಗೆ ಅನ್ನು, ಅವಳು ಹಿಡೀತಾಳೆ ಅಂದ್ರು. ನಾಕು ಸಲ ಬಾಯಿಪಾಠ ಮಾಡಿಸಿದ್ರು. ನಿಮಗೆ ಹೇಳಬಾರ್ದು ಅಂತ ಅವರು ಮಾತು ತಗಂಡ್ರು, ಅವರಿಗೆ ಹೇಳಬಾರ್ದು ಅಂತ ನೀವು ಮಾತು ತಗಂಡ್ರಿ. ನನ್ ತಲೆ ಭಾರ ಆಗಿತ್ತು. ಇವತ್ತು ಇಳಿಸಿದೆ ನೋಡ್ರಿ."

ಅವರು ಹೋದ ಮೇಲೆ ಅಡುಗೆ ಮನೆಯಲ್ಲಿ ಸೇವಿಗೆ ಕೈಯಾಡಿಸುತ್ತ ನಿಂತೆ. ಲೋಟದ ಪಾಠ, ಜಾಕ್, ಹಲಗೆ, ಸೀಟಿನ ಕೆಳಗಿನ ಸ್ಪ್ಯಾನರ್, ಎಲ್ಲ ಒಂದೊಂದಾಗಿ ಬಂದು ಎದುರಿಗೆ ನಿಂತವು. ನಾನು ಅವರ ಮಾನ ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ಕೂತಲ್ಲೇ ನನ್ನ ಹಿಂದೆ ಹಲಗೆ ಇಡುತ್ತ ಬಂದಿದ್ದರು. ಕಣ್ಣಲ್ಲಿ ನೀರು ಬಂತು. ಒಗ್ಗರಣೆಯ ಹೊಗೆ ಎಂದು ಅತ್ತೆಗೆ ಹೇಳಿದೆ. ಸೇವಿಗೆಗೆ ಒಗ್ಗರಣೆ ಎಲ್ಲಿಂದ ಬರಬೇಕು.

ನಮಾಜಿನಿಂದ ಬಂದು, ಹೊಸ ಜುಬ್ಬಾದಲ್ಲೇ, ಬಲಗೈಯಲ್ಲಿ ಚಮಚ ಹಿಡಿದು ಶೀರ್ ಖುರ್ಮಾಕ್ಕೆ ಕೂತರು. ಎದುರಿಗೆ ಕೂತು ನಾನು ನಿಧಾನವಾಗಿ ಹೇಳಿದೆ, ಪಾತಣ್ಣನ ಹಾಗೇ ಮೇಲೆ ನೋಡುತ್ತ:

"ಎತ್ತರದ ಎತ್ತು ಒಂದ್ಕಡೆ, ಗಿಡ್ಡ ಎತ್ತು ಒಂದ್ಕಡೆ ಕಟ್ಟಿದ್ರೆ ನೊಗ ಎಳೆಯಾಕಾಗಲ್ಲ."

ಚಮಚ ನಿಂತಿತು.

"ಒಳ್ಳೇ ಮಾತು," ಅಂದರು. "ಯಾರು ಹೇಳಿದ್ದು?"

"ನನಗೇ ಹೊಳೆಯಿತು."

ತಲೆ ಎತ್ತಿ ನನ್ನ ಮುಖ ನೋಡಿದರು. ತುಟಿ ಬಿಗಿ ಹಿಡಿದರು, ಆಗಲಿಲ್ಲ. ನಕ್ಕ ರಭಸಕ್ಕೆ ಸೇವಿಗೆ ಮೂಗಿಗೆ ಹತ್ತಿ ಕೆಮ್ಮಿದರು, ಕೆಮ್ಮುತ್ತಲೇ ನಕ್ಕರು. ಏನಾಯಿತೆಂದು ಅತ್ತೆ ಓಡಿ ಬಂದರು. ಒಗ್ಗರಣೆಯ ಹೊಗೆ ಅಂದೆ.

ಪಾತಣ್ಣ ಗಾಡಿಯನ್ನು ನಾಳೆ ಅಂಗಡಿಗೆ ತರುತ್ತಾನೆ. ಇಷ್ಟು ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು. ಎಡಗಡೆಯವು ನನಗೆ, ಬಲಗಡೆಯವು ಅವರಿಗೆ. ಅವರ ಕೈ ಇನ್ನೂ ಎಳೆಯದು, ಸ್ಪ್ಯಾನರ್ ಮೇಲೆ ನಾನೇ ಹತ್ತಿ ನಿಲ್ಲಬೇಕಾಗುತ್ತದೆ.